‘ಉಪ್ಪಿನಕಾಯಿ-ಕೆಡ’: ಚಿಕ್ಕಮ್ಮನ ಸೈಟು ಗೂಗಲ್‌ಗೆ ಕಾಣುವಂತೆ ಮಾಡಲು ಹೋದ ಹತ್ತು ತಿಂಗಳು

ಶಿರಸಿಯಿಂದ ಹದಿನಾಲ್ಕು ಕಿಲೋಮೀಟರ್ ಒಳಗೆ ಚಿಕ್ಕಮ್ಮನ ಮನೆ. ವರ್ಷಕ್ಕೊಮ್ಮೆ ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ ಹಾಕಿ ಮಾರುತ್ತಾಳೆ. ಅರ್ಧ ಕೆಜಿ ಬಾಟಲಿಗೆ 240 ರೂಪಾಯಿ. 2022ರಲ್ಲಿ ಒಬ್ಬ ಹುಡುಗನಿಗೆ 14,000 ಕೊಟ್ಟು ಸೈಟ್ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಸೈಟ್ ಮಾಡಿಸಿದ್ದೆವು. ನೋಡಲು ಚೆಂದವೇ ಇತ್ತು. ಆದರೆ ಎರಡು ವರ್ಷದಲ್ಲಿ ಅದನ್ನು ನೋಡಿ ಫೋನ್ ಮಾಡಿದವರು ಇಬ್ಬರು, ಅವರಲ್ಲೊಬ್ಬರು ನಮ್ಮ ನೆಂಟರೇ.

ಎಸ್‌ಇಒ, ಅಂದರೆ ಗೂಗಲ್ ಹುಡುಕಾಟದಲ್ಲಿ ಸೈಟು ಮೇಲೆ ಕಾಣುವಂತೆ ಮಾಡುವ ಕೆಲಸ, ಮಾಡಿಕೊಡುವವರನ್ನು ಕೇಳಿದೆ. ತಿಂಗಳಿಗೆ 12,000, ಕನಿಷ್ಠ ಆರು ತಿಂಗಳು. 72,000 ಅಂದರೆ ಮುನ್ನೂರು ಬಾಟಲಿ. ಅಷ್ಟು ಉಪ್ಪಿನಕಾಯಿಯನ್ನು ಗೂಗಲ್‌ಗೇ ನೈವೇದ್ಯ ಮಾಡುವುದಾದರೆ ಮಾರುವುದೇಕೆ ಅಂತ ನಾನೇ ಕೈ ಹಾಕಿದೆ. ನನ್ನ ಕೆಲಸ ಲೆಕ್ಕಪತ್ರದ್ದು, ವೆಬ್‌ಸೈಟಿನದಲ್ಲ. ಭಾನುವಾರಗಳಲ್ಲಿ ಮಾಡಿದ ಕೆಲಸ, ಕೆಡಿಸಿದ ಕೆಲಸ ಎರಡನ್ನೂ ಬರೆದಿಟ್ಟಿದ್ದೆ. ಅದನ್ನೇ ಇಲ್ಲಿ ಹಾಕುತ್ತಿದ್ದೇನೆ.

ಬಳಸಿದ ಸಾಮಾನು: ಹಳೆ ಲ್ಯಾಪ್‌ಟಾಪ್, ಹುಡುಕಾಟದಲ್ಲಿ ಸೈಟು ಹೇಗೆ ಕಾಣುತ್ತಿದೆ ಅಂತ ತೋರಿಸುವ ಗೂಗಲ್ ಸರ್ಚ್ ಕನ್ಸೋಲ್, ಪುಟ ಎಷ್ಟು ಬೇಗ ತೆರೆಯುತ್ತದೆ ಅಂತ ಅಳೆಯುವ ಪೇಜ್‌ಸ್ಪೀಡ್ ಇನ್‌ಸೈಟ್ಸ್, ಚಿತ್ರ ಕಿರಿದು ಮಾಡಲು ಸ್ಕ್ವೂಶ್ (ಎಲ್ಲವೂ ಪುಕ್ಕಟೆ), ಮತ್ತೆ ಚಿಕ್ಕಮ್ಮನ ಆರ್ಡರ್ ಬರೆಯುವ ಲಾಂಗ್‌ಬುಕ್. ಕೊನೆಯದು ಎಷ್ಟು ಮುಖ್ಯ ಅಂತ ಆಗಸ್ಟಿನವರೆಗೆ ಗೊತ್ತಾಗಲಿಲ್ಲ.

ಜೂನ್ 9, 2024

ಮೊದಲ ಕೆಲಸ, ಸೈಟನ್ನು ಸರ್ಚ್ ಕನ್ಸೋಲ್‌ಗೆ ಸೇರಿಸುವುದು. ಸೈಟು ನಮ್ಮದೇ ಅಂತ ತೋರಿಸಲು ಡೊಮೇನಿನ (ಸೈಟಿನ ವಿಳಾಸದ ಹೆಸರು) ಡಿಎನ್‌ಎಸ್‌ನಲ್ಲಿ, ಅಂದರೆ ಆ ಹೆಸರು ಯಾವ ಕಂಪ್ಯೂಟರಿಗೆ ಹೋಗಬೇಕೆಂದು ಹೇಳುವ ದಾಖಲೆಯಲ್ಲಿ, ಒಂದು ಸಾಲು ಸೇರಿಸು ಅಂದಿತು. ಹತ್ತು ನಿಮಿಷದ ಕೆಲಸ ಅಂದುಕೊಂಡು ಕೂತವನಿಗೆ ಆಗ ಗೊತ್ತಾಯಿತು, ಡೊಮೇನ್ ನಮ್ಮ ಹೆಸರಿನಲ್ಲೇ ಇಲ್ಲ. ಸೈಟ್ ಮಾಡಿಕೊಟ್ಟ ಹುಡುಗನ ಖಾತೆಯಲ್ಲಿದೆ, ಅವನು ಈಗ ಬೇರೆ ಊರಲ್ಲಿ ಬೇರೆ ಕೆಲಸದಲ್ಲಿದ್ದಾನೆ. ಒಳ್ಳೆಯವನೇ, ಫೋನ್ ಎತ್ತಿದ. ಆದರೆ ಪಾಸ್‌ವರ್ಡ್ ಮರೆತಿದ್ದ. ಡೊಮೇನ್ ನಮ್ಮ ಖಾತೆಗೆ ಬರಲು ಹನ್ನೊಂದು ದಿನ ಹಿಡಿಯಿತು. ನವೀಕರಣ ಸೇರಿ 1,150 ರೂಪಾಯಿ.

ಅಷ್ಟರವರೆಗೆ ಸುಮ್ಮನೆ ಕೂರುವುದು ಬೇಡವೆಂದು ಎರಡನೇ ದಾರಿ ಹಿಡಿದೆ. ಸೈಟಿನ ತಲೆಭಾಗದಲ್ಲಿ ಒಂದು ಟ್ಯಾಗ್ ಅಂಟಿಸಿದರೂ ಗೂಗಲ್ ಒಪ್ಪುತ್ತದೆ. ಇದಕ್ಕೆ ಡೊಮೇನ್ ಬೇಡ, ವರ್ಡ್‌ಪ್ರೆಸ್ ಲಾಗಿನ್ ಇದ್ದರೆ ಸಾಕು.

ನೀವು ಯಾರಿಂದಲಾದರೂ ಸೈಟ್ ಮಾಡಿಸಿದ್ದರೆ, ಇದನ್ನು ಓದುವುದು ಬಿಟ್ಟು ಮೊದಲು ಡೊಮೇನ್ ಯಾರ ಇಮೇಲ್‌ನಲ್ಲಿದೆ ನೋಡಿ.

ಜೂನ್ 16

ನಮ್ಮ ಎಷ್ಟು ಪುಟಗಳು ಗೂಗಲ್‌ನ ಪಟ್ಟಿಯಲ್ಲಿವೆ ಅಂತ ತಿಳಿಯಲು ಅಲ್ಲಿ ‘site’, ಕೋಲನ್, ಪಕ್ಕದಲ್ಲಿ ನಮ್ಮ ವಿಳಾಸ ಹೊಡೆದು ನೋಡಿದೆ. ಇರುವುದು ಒಂಬತ್ತು ಪುಟ, ಐದು ಬರಹ. ಕಂಡದ್ದು ಆರು. ಮುಖ್ಯ ಪುಟವಾದ ಅಪ್ಪೆಮಿಡಿ ಪುಟವೇ ಇರಲಿಲ್ಲ.

ಸರ್ಚ್ ಕನ್ಸೋಲ್‌ನಲ್ಲಿ ಆ ಪುಟದ ವಿಳಾಸ ಹಾಕಿ ಪರೀಕ್ಷೆಗೆ ಕೊಟ್ಟೆ. ಗೂಗಲ್‌ಗೆ ಆ ಪುಟ ಹೇಗೆ ಕಾಣುತ್ತದೆ ಎಂಬುದನ್ನು ಅಲ್ಲಿ ತೆರೆದು ನೋಡಬಹುದು. ನೋಡಿದರೆ ಹೆಡರ್, ಫೂಟರ್, ನಡುವೆ ಒಂದು ಚಿತ್ರದ ಹೆಸರು, ಅಷ್ಟೆ. ಮಿಡಿಯ ಬಗ್ಗೆ, ಉಪ್ಪಿನಲ್ಲಿ ಇಡುವ ಬಗ್ಗೆ, ಬೆಲೆಯ ಬಗ್ಗೆ ನಾವು ಬರೆದ ಎರಡು ಪ್ಯಾರಾಗಳಲ್ಲಿ ಒಂದಕ್ಷರವೂ ಇಲ್ಲ. ಕಣ್ಣಿಗೆ ಪ್ಯಾರಾದಂತೆ ಕಾಣುತ್ತಿದ್ದದ್ದು ಪೋಸ್ಟರ್, ಒಂದು ಜೆಪೆಗ್ ಚಿತ್ರ.

ಹಾಗೇಕೆ ಮಾಡಿದ ಅಂತ ಹುಡುಗನನ್ನು ಕೇಳಿದೆ. ‘ನೀವು ಕಳಿಸಿದ ಫೈಲ್ ಪೇಸ್ಟ್ ಮಾಡಿದ್ರೆ ಏನೇನೋ ಬರ್ತಿತ್ತು ಸರ್’ ಅಂದ. ತಪ್ಪು ಅವನದಲ್ಲ, ನಮ್ಮದೇ. ಬಾಟಲಿಯ ಜೊತೆ ಕೊಡುವ ಕರಪತ್ರಕ್ಕಾಗಿ ಡಿಟಿಪಿ ಮಾಡಿಸಿದ್ದ ಫೈಲನ್ನೇ ನಾವು ಕಳಿಸಿದ್ದೆವು. ಅದು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆ ಪದ್ಧತಿಯದು. ಅದರಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಅದರ ಮೇಲೆ ಫಾಂಟು ಕನ್ನಡದ ವೇಷ ಹಾಕುತ್ತದೆ. ವೇಷ ಕಳಚಿದರೆ ಓದಲಾಗದ ಗೋಜಲು. ಪಾಪ, ಅವನು ಚಿತ್ರ ಮಾಡಿ ಅಂಟಿಸಿ ಪಾರಾಗಿದ್ದ.

ಪರಿವರ್ತಕದಲ್ಲಿ ಹಾಕಿ ಯುನಿಕೋಡ್‌ಗೆ, ಅಂದರೆ ಕಂಪ್ಯೂಟರು ಕನ್ನಡವೆಂದೇ ಓದುವ ಪದ್ಧತಿಗೆ, ತಂದೆ. ಅರ್ಕಾವತ್ತು ಬರುವ ಕಡೆ ನಾಲ್ಕಾರು ಪದ ಒಡೆದಿದ್ದವು, ಕೈಯಲ್ಲೇ ತಿದ್ದಿದೆ. ಪೋಸ್ಟರ್ ತೆಗೆದು ಅಕ್ಷರವಾಗಿಯೇ ಹಾಕಿ, ಮತ್ತೆ ಇಂಡೆಕ್ಸ್ ಮಾಡು, ಅಂದರೆ ನಿನ್ನ ಪಟ್ಟಿಗೆ ಸೇರಿಸಿಕೊ, ಅಂತ ಗೂಗಲ್‌ಗೆ ಕೋರಿಕೆ ಕಳಿಸಿದೆ. ಒಟ್ಟು ಮೂರು ತಾಸು. ಐದನೇ ದಿನಕ್ಕೆ ಪುಟ ಗೂಗಲ್‌ನಲ್ಲಿ ಕಂಡಿತು. ಹತ್ತು ತಿಂಗಳಲ್ಲಿ ಮಾಡಿದ ಎಲ್ಲದರಲ್ಲಿ ಇಷ್ಟು ನೇರವಾಗಿ ಫಲ ಕೊಟ್ಟದ್ದು ಇನ್ನೊಂದಿಲ್ಲ.

ಜುಲೈ 7: ಬೇಡದ ಕೆಲಸ

ಉಪ್ಪಿನಕಾಯಿ ಇಡುವ ವಿಧಾನದ ಬರಹದ ಕೊಂಡಿಯನ್ನು ನೆಂಟರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ಅಲ್ಲಿ ಅದು ಶೇಕಡಾ ಚಿಹ್ನೆ, ಅಂಕಿಗಳ ನಾಲ್ಕು ಸಾಲಿನ ರೈಲಾಗಿ ಬಿತ್ತು. ‘ಇದು ವೈರಸ್ಸಾ?’ ಅಂತ ಮಾವ ಕೇಳಿದರು.

ಬ್ರೌಸರ್‌ನಲ್ಲಿ ತೆರೆದರೆ ಕನ್ನಡದಲ್ಲೇ ಕಾಣುತ್ತದೆ. ಆದರೆ ವಿಳಾಸದ ಕೊನೆ ನೋಡಿ ನಗು ಬಂತು. ಬರಹದ ಶೀರ್ಷಿಕೆ ‘ಅಪ್ಪೆಮಿಡಿ ಉಪ್ಪಿನಕಾಯಿ ಕೆಡದಂತೆ ಇಡುವುದು ಹೇಗೆ’. ವಿಳಾಸದಲ್ಲಿ ಉಳಿದದ್ದು ‘ಅಪ್ಪೆಮಿಡಿ-ಉಪ್ಪಿನಕಾಯಿ-ಕೆಡ’. ಎರಡು ವರ್ಷದಿಂದ ನಮ್ಮ ಸೈಟು ನಮ್ಮ ಮಾಲಿನ ಬಗ್ಗೆ ಇದನ್ನೇ ಸಾರುತ್ತಿತ್ತು.

ಕಾರಣ ಲೆಕ್ಕ ಹಾಕಿದರೆ ಸಿಗುತ್ತದೆ. ವರ್ಡ್‌ಪ್ರೆಸ್ ವಿಳಾಸದ ಈ ಭಾಗಕ್ಕೆ ಕೊಡುವುದು 200 ಅಕ್ಷರದ ಜಾಗ. ಕನ್ನಡದ ಒಂದೊಂದು ಸಂಕೇತಕ್ಕೆ (ವ್ಯಂಜನ, ಗುಣಿತದ ಚಿಹ್ನೆ, ಒತ್ತಿಗೆ ಬೇಕಾಗುವ ವಿರಾಮ, ಎಲ್ಲವೂ ಬೇರೆ ಬೇರೆ) ಒಳಗೆ ಒಂಬತ್ತು ಅಕ್ಷರ ಖರ್ಚು. ‘ಅಪ್ಪೆಮಿಡಿ’ಯಲ್ಲಿ 9 ಸಂಕೇತ, ‘ಉಪ್ಪಿನಕಾಯಿ’ಯಲ್ಲಿ 10. ಹತ್ತೊಂಬತ್ತು ಒಂಬತ್ಲೆ 171, ಎರಡು ಅಡ್ಡಗೆರೆ ಸೇರಿ 173. ಉಳಿದ 27ರಲ್ಲಿ ಮೂರೇ ಸಂಕೇತ ಹಿಡಿಸುತ್ತದೆ: ಕ, ಎತ್ವದ ಚಿಹ್ನೆ, ಡ. ಕೆಡ.

ನಗು ಅಲ್ಲಿಗೆ ನಿಲ್ಲಿಸಿ ಆ ಒಂದು ವಿಳಾಸ ತಿದ್ದಿದ್ದರೆ ಸಾಕಿತ್ತು. ನಾನು ಹಟಕ್ಕೆ ಬಿದ್ದು ಹದಿನಾಲ್ಕೂ ವಿಳಾಸಗಳನ್ನು ಇಂಗ್ಲಿಷ್ ಅಕ್ಷರದ ಚಿಕ್ಕ ವಿಳಾಸಗಳಾಗಿ ಬದಲಿಸಿದೆ. ಕನ್ನಡ ವಿಳಾಸ ಗೂಗಲ್‌ಗೆ ಯಾವ ತೊಂದರೆಯೂ ಅಲ್ಲ, ನನ್ನ ಕಣ್ಣಿಗೆ ಅಸಹ್ಯವಾಗಿತ್ತು ಅಷ್ಟೆ. ಬದಲಿಸಿದ ಮೇಲೆ ಹಳೆ ವಿಳಾಸ ಕೆಲಸ ಮಾಡುತ್ತದೆಯೇ ಅಂತ ‘ಕೆಡ’ ಕೊಂಡಿಯನ್ನೇ ಒತ್ತಿ ನೋಡಿದೆ. ತಾನಾಗಿಯೇ ಹೊಸ ವಿಳಾಸಕ್ಕೆ ಹೋಯಿತು. ವರ್ಡ್‌ಪ್ರೆಸ್ ಎಷ್ಟು ಜಾಣ ಅಂದುಕೊಂಡು ಮಲಗಿದೆ.

ಜುಲೈ 26

ಹುಬ್ಬಳ್ಳಿಯಿಂದ ಗಿರಾಕಿಯೊಬ್ಬರ ಫೋನ್. ಬಾಟಲಿಯ ಮೇಲಿನ ಕ್ಯೂಆರ್ ಸ್ಕ್ಯಾನ್ ಮಾಡಿದರೆ ‘ಪುಟ ಸಿಗಲಿಲ್ಲ’ ಅಂತ ಬರುತ್ತಿದೆಯಂತೆ.

ವರ್ಡ್‌ಪ್ರೆಸ್ ಅಷ್ಟೇನೂ ಜಾಣ ಅಲ್ಲ. ಬರಹ, ಅಂದರೆ ಪೋಸ್ಟ್ ಆಗಿದ್ದರೆ ಹಳೆ ವಿಳಾಸವನ್ನು ನೆನಪಿಟ್ಟುಕೊಂಡು ಹೊಸದಕ್ಕೆ ಕಳಿಸುತ್ತದೆ. ಪೇಜ್ ಆಗಿದ್ದರೆ ಕಳಿಸುವುದಿಲ್ಲ. ನಾನು ಪರೀಕ್ಷಿಸಿದ್ದು ಪೋಸ್ಟು. ಲೇಬಲ್ಲಿನ ಕ್ಯೂಆರ್ ಹೋಗುವುದು ಅಪ್ಪೆಮಿಡಿ ಪುಟಕ್ಕೆ, ಅದು ಪೇಜು. ಒಂಬತ್ತು ಪೇಜುಗಳೂ 19 ದಿನ ಗೂಗಲ್‌ಗೂ ಗಿರಾಕಿಗೂ ಮುಚ್ಚಿದ ಬಾಗಿಲು. ಕಳೆದ ತಿಂಗಳಷ್ಟೇ ಕಷ್ಟಪಟ್ಟು ಇಂಡೆಕ್ಸ್ ಆದ ಪುಟ ಮತ್ತೆ ಹೊರಗೆ. ಅಚ್ಚಾಗಿ ಕೂತ ಲೇಬಲ್ಲು 1,500.

ರೀಡೈರೆಕ್ಷನ್ ಎಂಬ ಪುಕ್ಕಟೆ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸುವ ಪುಟ್ಟ ತಂತ್ರಾಂಶ) ಹಾಕಿ, ಒಂಬತ್ತು ಹಳೆ ವಿಳಾಸಗಳಿಂದ ಹೊಸದಕ್ಕೆ 301, ಅಂದರೆ ಶಾಶ್ವತ ದಾರಿ, ಕಟ್ಟಿದೆ. ಈ ಸಲ ಒಂಬತ್ತನ್ನೂ ಫೋನಿನಲ್ಲಿ ಒಂದೊಂದಾಗಿ ಒತ್ತಿ ನೋಡಿದೆ. ಪುಟಗಳು ಗೂಗಲ್‌ನಲ್ಲಿ ಹಿಂದಿನ ಜಾಗಕ್ಕೆ ಬರಲು ಆಗಸ್ಟ್ ಮುಗಿಯಿತು. ಮುಟ್ಟದೇ ಇದ್ದಿದ್ದರೆ ಹೆಚ್ಚುಕಡಿಮೆ ಎರಡು ತಿಂಗಳು ಉಳಿಯುತ್ತಿತ್ತು.

ಆಗಸ್ಟ್ 4 ಮತ್ತು 11: ಪದಗಳು

ಇದರಲ್ಲಿ ಮೊದಲು ಎರಡು ದಡ್ಡತನ, ಆಮೇಲೆ ಒಂದು ಬುದ್ಧಿ.

ಒಂದನೇ ದಡ್ಡತನ: ಕೀವರ್ಡ್ಸ್ ಎಂಬ ಮೆಟಾ ಟ್ಯಾಗಿನಲ್ಲಿ (ಓದುಗರಿಗೆ ಕಾಣದ, ಪುಟದೊಳಗಿನ ಟಿಪ್ಪಣಿ) 38 ಪದ ತುಂಬಿದೆ. ಇಡೀ ಸಂಜೆ ಹೋಯಿತು. ಮರುದಿನ ಓದಿದರೆ, ಅದನ್ನು ತಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಯಾಗಿದೆ.

ಎರಡನೆಯದು: ಜನ ಇಂಗ್ಲಿಷ್ ಅಕ್ಷರದಲ್ಲಿ ಅಪ್ಪೆಮಿಡಿ ಎಂಬುದನ್ನು ಒಂದು ‘ಪಿ’ ಹಾಕಿ, ಎರಡು ಹಾಕಿ, ನಡುವೆ ಜಾಗ ಬಿಟ್ಟು, ಹೇಗೆ ಹೇಗೋ ಬರೆಯುತ್ತಾರೆ. ಎಲ್ಲ ರೂಪಗಳನ್ನೂ ಸೇರಿಸಿ ಪುಟದ ಕೆಳಗೆ ಒಂದು ಪ್ಯಾರಾ ಮಾಡಿದೆ. ಚಿಕ್ಕಮ್ಮ ಫೋನಿನಲ್ಲಿ ಅದನ್ನು ಗಟ್ಟಿಯಾಗಿ ಓದಿ, ‘ಎಂತದಾ ತಮಾ ಇದು, ಮಂತ್ರವಾ?’ ಅಂದಳು. ತೆಗೆದೆ. ಆ ಕಾಗುಣಿತಗಳೆಲ್ಲ ಒಂದೇ ಪದ ಅಂತ ಗೂಗಲ್‌ಗೆ ಬಹುಮಟ್ಟಿಗೆ ತಾನೇ ತಿಳಿಯುತ್ತದೆ.

ಅದಾದ ಮೇಲೆ ‘ಅಪ್ಪೆಮಿಡಿ ಉಪ್ಪಿನಕಾಯಿ’ ಅಂತ ನಾನೇ ಹುಡುಕಿ ಮೊದಲ ಪುಟ ನೋಡಿದೆ. ದೊಡ್ಡ ಆನ್‌ಲೈನ್ ಅಂಗಡಿಗಳು, ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯ ಕುರಿತ ಪತ್ರಿಕಾ ಸುದ್ದಿಗಳು, ಅಡುಗೆ ವಿಡಿಯೋಗಳು. ಅಲ್ಲಿಗೆ ಏರಲು ನಮ್ಮಿಂದಾಗದು. ಆ ಪದವನ್ನು ಅಂದೇ ಕೈಬಿಟ್ಟೆ. ಹಾಗಾದರೆ ಯಾವ ಪದ?

ಚಿಕ್ಕಮ್ಮನ ಲಾಂಗ್‌ಬುಕ್ಕಿನಲ್ಲಿ ಆರ್ಡರ್ ಪಕ್ಕದಲ್ಲೇ ಗಿರಾಕಿ ಕೇಳಿದ ಮಾತೂ ಇರುತ್ತದೆ, ಮರೆತುಹೋಗಬಾರದೆಂದು ಬರೆದಿಟ್ಟದ್ದು. ಎರಡು ಹಂಗಾಮಿನ ಪುಟ ತಿರುವಿ ಪ್ರಶ್ನೆಗಳನ್ನು ಪಟ್ಟಿ ಮಾಡಿದೆ. 61 ಬಂದವು, ಒಂದೇ ಥರದ್ದನ್ನು ಸೇರಿಸಿದರೆ 14. ಮಿಡಿ ಚಿರುಟಿದೆ, ಹಾಳಾಗಿದೆಯಾ? ಕಲ್ಲುಪ್ಪಾ, ಪುಡಿ ಉಪ್ಪಾ? ತೊಟ್ಟು ಯಾಕೆ ಬಿಟ್ಟಿದ್ದೀರಿ? ಜೀರಿಗೆ ಪರಿಮಳದ ಮಿಡಿ ಬೇರೆಯಾ? ಫ್ರಿಜ್‌ನಲ್ಲಿಡಬೇಕಾ? ಬೆಂಗಳೂರಿನ ಒಬ್ಬರು ‘ಇದು ನಮ್ಮ ಮಾವಡುವಾ?’ ಅಂತ ಕೇಳಿದ್ದರು. ತಮಿಳರಲ್ಲಿ ಎಳೆ ಮಾವಿನಕಾಯಿ ಉಪ್ಪಿನಕಾಯಿಗೆ ಆ ಹೆಸರು. ಇನ್ನೂ ಕೆಲವರಿಗೆ ಅಪ್ಪೆಮಿಡಿ ಎಂಬ ಪದವೇ ಗೊತ್ತಿಲ್ಲ, ಅವರು ಕೇಳುವುದು ‘ಮಾವಿನ ಮಿಡಿ’, ‘ಟೆಂಡರ್ ಮ್ಯಾಂಗೋ ಪಿಕಲ್’.

ನಮ್ಮ ಸೈಟಿನಲ್ಲಿ ಗಿರಾಕಿಗಳ ಈ ಮಾತುಗಳಲ್ಲಿ ಒಂದೂ ಇರಲಿಲ್ಲ. ‘ಪಾರಂಪರಿಕ ರುಚಿ’, ‘ಮಲೆನಾಡಿನ ಸೊಬಗು’ ಅಂತ ಇತ್ತು. ಅದನ್ನು ಯಾರು ಹುಡುಕುತ್ತಾರೆ?

ಆಗಸ್ಟ್ 18

ಹದಿನಾಲ್ಕರಲ್ಲಿ ಆರು ಪ್ರಶ್ನೆಗೆ ಒಂದೊಂದು ಪುಟ. ಚಿಕ್ಕಮ್ಮ ಹೇಳಿದ್ದನ್ನು ಫೋನಿನಲ್ಲಿ ಧ್ವನಿ ಹಿಡಿದು, ಹೆಚ್ಚು ತಿದ್ದದೆ ಬರೆದೆ. ಚಿರುಟುವ ಪ್ರಶ್ನೆಗೆ ಅವಳ ಉತ್ತರದ ಸಾರ ಇಷ್ಟು: ಉಪ್ಪು ಮಿಡಿಯೊಳಗಿನ ನೀರನ್ನು ಎಳೆಯುತ್ತದೆ, ಮಿಡಿ ಚಿರುಟುತ್ತದೆ, ಭರಣಿಯಲ್ಲಿ ಉಪ್ಪುನೀರು ಬಿಡುತ್ತದೆ. ಚಿರುಟಿದರೇ ಸರಿ. ಚಿರುಟದೆ ಮೆತ್ತಗಾದರೆ ಆಗ ಚಿಂತೆ. ಉಪ್ಪಿನಲ್ಲಿ ಹಾಕಿದ ದಿನದ ಮಿಡಿ, ಹದಿನೈದು ದಿನದ ನಂತರದ ಮಿಡಿ, ಎರಡರ ಚಿತ್ರ ಪಕ್ಕಪಕ್ಕದಲ್ಲಿ. ಶೀರ್ಷಿಕೆ ಗಿರಾಕಿಯ ಮಾತೇ: ‘ಮಾವಿನ ಮಿಡಿ ಉಪ್ಪಿನಲ್ಲಿ ಚಿರುಟಿದರೆ ಹಾಳಾಯಿತೇ?’ ಇದೇ ಪುಟದ ಇಂಗ್ಲಿಷ್ ರೂಪ ಬೇರೆ ವಿಳಾಸದಲ್ಲಿ. ಒಂದೇ ಪುಟದಲ್ಲಿ ಎರಡು ಭಾಷೆ ಬೆರೆಸಲಿಲ್ಲ.

ಇದರ ಜೊತೆಗೆ ನೂರು ನೂರೈವತ್ತು ಪದದ ಹಳೆ ಬರಹ ಐದಿದ್ದವು. ಗೂಗಲ್ ಅವುಗಳಲ್ಲಿ ಮೂರನ್ನು ನೋಡಿಯೂ ಸೇರಿಸಿಕೊಂಡಿರಲಿಲ್ಲ. ಎರಡನ್ನು ಕೂಡಿಸಿ ಒಂದು ಮಾಡಿದೆ, ಒಂದನ್ನು ಅಳಿಸಿದೆ.

ಸೆಪ್ಟೆಂಬರ್ 8: ಭಾರ ಇಳಿಸಿದ್ದು

ಪೇಜ್‌ಸ್ಪೀಡ್‌ನಲ್ಲಿ ಮೊಬೈಲ್ ಅಂಕ ನೂರಕ್ಕೆ 31. ಪುಟದ ದೊಡ್ಡ ಚಿತ್ರ ಮೂಡಲು 9.8 ಸೆಕೆಂಡ್, 2.5ರ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ ಗೂಗಲ್. ನಮ್ಮೂರಲ್ಲಿ ಮಳೆ ಹೊಡೆದು ನೆಟ್ ಕುಂಟುವಾಗ ನನಗೇ ಪುಟ ಬಿಚ್ಚುತ್ತಿರಲಿಲ್ಲ.

ತಲೆಯ ಮೇಲಿನ ಭರಣಿಯ ಫೋಟೋ 4.2 ಎಂಬಿ, ಫೋನಿನಿಂದ ನೇರ ಏರಿಸಿದ್ದು. ಸ್ಕ್ವೂಶ್‌ನಲ್ಲಿ ಅಗಲ 1200 ಪಿಕ್ಸೆಲ್, ವೆಬ್‌ಪಿ ಎಂಬ ಹಗುರ ಚಿತ್ರರೂಪ, ಗುಣಮಟ್ಟ 75 ಇಟ್ಟೆ. 140 ಕೆಬಿ ಆಯಿತು. 23 ಚಿತ್ರಕ್ಕೂ ಇದೇ. ತಾನಾಗಿ ಸರಿಯುವ ಐದು ಚಿತ್ರದ ಸ್ಲೈಡರ್ ತೆಗೆದು ಒಂದೇ ಚಿತ್ರ ಇಟ್ಟೆ. ಕನ್ನಡ ಫಾಂಟ್ ನಾಲ್ಕು ದಪ್ಪಗಳಲ್ಲಿ ಇಳಿಯುತ್ತಿತ್ತು, ಎರಡು ಸಾಕು.

ಇಷ್ಟಕ್ಕೆ 74 ಬಂತು. ಅಲ್ಲಿಗೆ ಬಿಡದೆ, ಚಿತ್ರಗಳನ್ನು ತಡವಾಗಿ ಇಳಿಸುವ ಲೇಜಿ ಲೋಡ್ ಪ್ಲಗಿನ್ ಒಂದನ್ನು ಹಾಕಿದೆ. ಅಂಕ 58ಕ್ಕೆ ಇಳಿಯಿತು! ಕೆಳಗಿನ ಚಿತ್ರಗಳ ಜೊತೆಗೆ ಎಲ್ಲಕ್ಕಿಂತ ಮೇಲೆ, ಮೊದಲು ಕಾಣಬೇಕಾದ ಭರಣಿಯನ್ನೂ ಅದು ತಡಮಾಡುತ್ತಿತ್ತು. ಪ್ಲಗಿನ್ ಕಿತ್ತೆ; ಆ ಕೆಲಸ ವರ್ಡ್‌ಪ್ರೆಸ್ ತಾನೇ ಮಾಡುತ್ತದೆ. ಕೊನೆಗೆ ನಿಂತದ್ದು 78 ಅಂಕ, 2.9 ಸೆಕೆಂಡ್. ಸೆಕೆಂಡ್ ಇನ್ನೂ ಇಳಿಸಲು ಥೀಮ್, ಅಂದರೆ ಸೈಟಿನ ವಿನ್ಯಾಸವನ್ನೇ, ಬದಲಿಸಬೇಕು. ಅದಕ್ಕೆ ಕೈ ಹಾಕಲಿಲ್ಲ.

ಅಕ್ಟೋಬರ್ 13: 2,500 ರೂಪಾಯಿ ನೀರಿಗೆ

ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ. ಆನ್‌ಲೈನಿನಲ್ಲಿ ಒಬ್ಬರು ‘500 ಬ್ಯಾಕ್‌ಲಿಂಕ್, 2,500 ರೂಪಾಯಿ, ಮೂರು ವಾರದಲ್ಲಿ ಮೊದಲ ಪುಟ’ ಅಂದರು. ಬ್ಯಾಕ್‌ಲಿಂಕ್ ಅಂದರೆ ಬೇರೆ ಸೈಟಿನಲ್ಲಿ ನಮ್ಮ ಸೈಟಿಗಿರುವ ಕೊಂಡಿ; ಬೇರೆಯವರು ಹಾಗೆ ಉಲ್ಲೇಖಿಸಿದರೆ ಗೂಗಲ್ ಮರ್ಯಾದೆ ಕೊಡುತ್ತದೆ ಅಂತ ಓದಿದ್ದೆ. ಅದು ನಿಜ. ಮರ್ಯಾದೆ ಕೊಂಡು ತರಬಹುದೆಂದು ನಂಬಿದ್ದು ನನ್ನ ತಪ್ಪು. ಹಣ ಕೊಟ್ಟೆ. ಮೂರು ವಾರದ ನಂತರ ಸರ್ಚ್ ಕನ್ಸೋಲ್‌ನ ಕೊಂಡಿಗಳ ಪಟ್ಟಿ ತೆರೆದರೆ ಜೂಜಿನ ಸೈಟು, ಪರಭಾಷೆಯ ಔಷಧಿ ಸೈಟು, ಹೆಸರೇ ಓದಲಾಗದ ಸೈಟುಗಳ ಸಂತೆ. ನಡುವೆ ನಮ್ಮ ಉಪ್ಪಿನಕಾಯಿ. ನಮ್ಮ ಸ್ಥಾನ ಒಂದು ಕೂದಲೆಳೆಯೂ ಅಲುಗಲಿಲ್ಲ. ಇಂಥ ಕೊಂಡಿಗಳನ್ನು ಗೂಗಲ್ ಬಹುಮಟ್ಟಿಗೆ ಗುರುತಿಸಿ ಲೆಕ್ಕದಿಂದಲೇ ಬಿಡುತ್ತದೆ.

ಆಮೇಲೆ ಹೆದರಿಕೆ. ಈ ಕೊಂಡಿಗಳು ನಮ್ಮವಲ್ಲ ಅಂತ ಗೂಗಲ್‌ಗೆ ಪಟ್ಟಿ ಕೊಡುವ ಡಿಸವೋ ಸಾಧನವಿದೆ. ಎರಡು ರಾತ್ರಿ ಪಟ್ಟಿ ತಯಾರಿಸಿದೆ. ಕೊನೆಗೆ ಸರ್ಚ್ ಕನ್ಸೋಲ್‌ನ ಮ್ಯಾನ್ಯುಯಲ್ ಆ್ಯಕ್ಷನ್ ವಿಭಾಗ ನೋಡಿದರೆ ದಂಡನೆ ಏನೂ ಇರಲಿಲ್ಲ. ಪಟ್ಟಿ ಕೊಡಲಿಲ್ಲ.

ಚಿಕ್ಕಮ್ಮನ ಖರ್ಚಿನ ಪುಸ್ತಕದಲ್ಲಿ ಇದು ಹೀಗಿದೆ: ‘ತಮ್ಮ ಗೂಗಲ್ಲಿಗೆ ಕೊಟ್ಟಿದ್ದು: 2,500’ (ತಮ್ಮ ಅಂದರೆ ನಾನು). ಗೂಗಲ್‌ಗೆ ಅಲ್ಲ ಅಂತ ಎಷ್ಟು ಹೇಳಿದರೂ ತಿದ್ದಿಲ್ಲ.

ಅದೇ ತಿಂಗಳು ಅಡುಗೆ ಬಗ್ಗೆ ಬರೆಯುವ ಬೆಂಗಳೂರಿನ ಒಬ್ಬರು ಚಿರುಟಿದ ಮಿಡಿಯ ಪುಟ ಓದಿ, ತಮ್ಮ ಬರಹದಲ್ಲಿ ಅದರ ಕೊಂಡಿ ಕೊಟ್ಟರು. ಕೇಳಿರಲಿಲ್ಲ, ದುಡ್ಡೂ ಕೊಟ್ಟಿರಲಿಲ್ಲ. ಅಲ್ಲಿಂದ ಬಂದ ಓದುಗರು ಆ 500 ಕೊಂಡಿಗಳಿಂದ ಬಂದವರಿಗಿಂತ ಹೆಚ್ಚು. 500ರಿಂದ ಬಂದವರು ಸೊನ್ನೆ, ಹಾಗಾಗಿ ಇದೇನು ದೊಡ್ಡ ಸಾಧನೆಯಲ್ಲ.

ನವೆಂಬರ್ 10: ಮ್ಯಾಪಿನಲ್ಲಿ ಹೆಸರು

ಮನೆಗೇ ಬಂದು ಬಾಟಲಿ ಒಯ್ಯುವವರೂ ಇರುವುದರಿಂದ ಗೂಗಲ್ ಬಿಸಿನೆಸ್ ಪ್ರೊಫೈಲ್ ತೆರೆದೆ. ಪರಿಶೀಲನೆಗೆ ವಿಡಿಯೋ ಕೇಳಿತು. ರಸ್ತೆ, ಬೋರ್ಡು, ಒಳಗಿನ ಕೆಲಸ, ಎಲ್ಲವೂ ಕತ್ತರಿಸದ ಒಂದೇ ವಿಡಿಯೋದಲ್ಲಿ. ಬೋರ್ಡೇ ಇರಲಿಲ್ಲ. ಶಿರಸಿಯಲ್ಲಿ ಫ್ಲೆಕ್ಸ್ ಮಾಡಿಸಿದೆ, 850. ಮೊದಲ ಸಲ ಅಪ್‌ಲೋಡ್ ಆಗುವಾಗ ಕರೆಂಟ್ ಹೋಯಿತು. ಎರಡನೇ ಸಲ ನಾಯಿ ಅಡ್ಡ ಬಂದು ಫೋನ್ ಬಿತ್ತು. ಮೂರನೆಯದು ಒಪ್ಪಿಗೆಯಾಯಿತು.

ಒಪ್ಪಿಗೆಯಾದ ಮರುವಾರ ನನ್ನ ಕೈ ಮತ್ತೆ ಸುಮ್ಮನಿರಲಿಲ್ಲ. ಬೋರ್ಡಿನಲ್ಲಿದ್ದ ಹೆಸರಿಗೆ ‘ಶಿರಸಿ ಬೆಸ್ಟ್ ಅಪ್ಪೆಮಿಡಿ ಉಪ್ಪಿನಕಾಯಿ’ ಅಂತ ಬಾಲ ಅಂಟಿಸಿದೆ. ಪ್ರೊಫೈಲ್ ಅಮಾನತು. ಅಂಗಡಿಯ ನಿಜ ಹೆಸರಷ್ಟೇ ಇರಬೇಕು ಎಂಬ ನಿಯಮ ಅಲ್ಲೇ ಬರೆದಿತ್ತು. ಬಾಲ ಕತ್ತರಿಸಿ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ) ಪತ್ರ, ಕರೆಂಟ್ ಬಿಲ್ ಹಾಕಿ ಮೇಲ್ಮನವಿ ಕೊಟ್ಟೆ. ಹದಿಮೂರು ದಿನಕ್ಕೆ ವಾಪಸ್ ಬಂತು.

ಜನವರಿ 5, 2025

ಅಕ್ಟೋಬರಿನಲ್ಲಿ ಗೂಗಲ್‌ನಿಂದ ತಿಂಗಳಿಗೆ 96 ಇದ್ದ ಕ್ಲಿಕ್ ಡಿಸೆಂಬರಿನಲ್ಲಿ 52. ಬ್ಯಾಕ್‌ಲಿಂಕಿನ ಪಾಪವೇ ತಟ್ಟಿತೆಂದುಕೊಂಡು ಒಂದೇ ರಾತ್ರಿ ಹನ್ನೊಂದು ಪುಟಗಳ ಶೀರ್ಷಿಕೆ ಬದಲಿಸಿದೆ. ಬೆಳಿಗ್ಗೆ ಚಿಕ್ಕಮ್ಮನಿಗೆ ಹೇಳಿದರೆ, ‘ಈಗ ಮಿಡಿ ಎಲ್ಲಿದ್ದು? ಮರ ಇನ್ನೂ ಹೂವೇ ಬಿಟ್ಟಿಲ್ಲೆ’ ಅಂದಳು.

ಮಿಡಿ ಬರುವುದು ಫೆಬ್ರವರಿಯ ನಂತರ. ಜನ ಹುಡುಕುವುದೂ ಆಗಲೇ. ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಇಡುತ್ತದೆ, ಸೈಟನ್ನು ಮೊದಲೇ ಸೇರಿಸಿದ್ದರೆ 2023ರ ಡಿಸೆಂಬರಿಗೆ ಹೋಲಿಸಬಹುದಿತ್ತು. ನನ್ನ ಬಳಿ ಇದ್ದದ್ದು ಏಳೇ ತಿಂಗಳು. ಹಳೆ ಶೀರ್ಷಿಕೆಗಳನ್ನು ಬರೆದಿಟ್ಟುಕೊಂಡಿರಲಿಲ್ಲ. ವರ್ಡ್‌ಪ್ರೆಸ್‌ನ ರಿವಿಷನ್‌ಗಳಿಂದ ಒಂದೊಂದಾಗಿ ಹೆಕ್ಕಿ ಹಿಂದಕ್ಕೆ ಹಾಕಿದೆ. ಅಂದಿನಿಂದ ಒಂದು ಶೀಟ್ ಇಟ್ಟಿದ್ದೇನೆ: ದಿನಾಂಕ, ಪುಟ, ಮೊದಲು ಏನಿತ್ತು, ಈಗ ಏನು. ವಾರಕ್ಕೆ ಒಂದೇ ಬದಲಾವಣೆ.

ಏಪ್ರಿಲ್ 20, 2025

ಕ್ಲಿಕ್ಕುಗಳು: ಜೂನ್ 2024ರಲ್ಲಿ 3, ಈ ಮಾರ್ಚಿನಲ್ಲಿ 214. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಚಿರುಟಿದ ಮಿಡಿಯ ಒಂದೇ ಪುಟಕ್ಕೆ, ಕನ್ನಡ ಇಂಗ್ಲಿಷ್ ಎರಡೂ ಸೇರಿ. ಆ ಪುಟಕ್ಕೆ ಬರುವವರು ಬಹುಪಾಲು ಮನೆಯಲ್ಲೇ ಉಪ್ಪಿನಕಾಯಿ ಹಾಕುವವರು, ಕೊಳ್ಳುವವರಲ್ಲ. ಫೋನ್ ಮಾಡಿದವರನ್ನೆಲ್ಲ ‘ಎಲ್ಲಿ ನೋಡಿದಿರಿ?’ ಅಂತ ಚಿಕ್ಕಮ್ಮ ಕೇಳಿ ಬರೆದಿಟ್ಟಿದ್ದಾಳೆ. ಗೂಗಲ್ ಅಂದವರು 41, ಅವರು ಒಯ್ದದ್ದು 67 ಬಾಟಲಿ. ಅಪ್ಪೆಮಿಡಿ ಉಪ್ಪಿನಕಾಯಿ ಎಂಬ ಪದಕ್ಕೆ ನಾವು ಈಗಲೂ ಮೂರನೇ ಪುಟದಲ್ಲಿದ್ದೇವೆ.

ಖರ್ಚು: ಡೊಮೇನ್ 1,150, ಫ್ಲೆಕ್ಸ್ 850, ನೀರಿಗೆ ಹಾಕಿದ್ದು 2,500. ಒಟ್ಟು 4,500. ಹೋಸ್ಟಿಂಗ್ ಹೇಗಿದ್ದರೂ ಕಟ್ಟುತ್ತಿದ್ದೆವು.

ಈ ವರ್ಷ ಮರ ಕಡಿಮೆ ಕಚ್ಚಿದ್ದರಿಂದ ಮೊನ್ನೆಯೇ ಮಾಲು ಮುಗಿಯಿತು. ಫೋನು ನಿಂತಿಲ್ಲ. ಪುಟ ತೆಗೆದುಬಿಡು, ಇಲ್ಲ ಅಂತ ಹೇಳಿ ಹೇಳಿ ಸಾಕಾಯಿತು ಅಂತ ಚಿಕ್ಕಮ್ಮನ ಒತ್ತಾಯ. ತೆಗೆದಿಲ್ಲ. ಮೇಲೆ ‘ಈ ಹಂಗಾಮಿನದು ಮುಗಿದಿದೆ, ಮುಂದಿನ ವರ್ಷಕ್ಕೆ ಹೆಸರು ಬರೆಸಿ’ ಅಂತ ಹಾಕಿ ವಾಟ್ಸ್ಆ್ಯಪ್ ಕೊಂಡಿ ಕೊಟ್ಟಿದ್ದೇನೆ. ಇವತ್ತಿಗೆ ಒಂಬತ್ತು ಹೆಸರು.

ಬಾಕಿ ಇರುವುದು: ಉಳಿದ ಎಂಟು ಪ್ರಶ್ನೆಯ ಪುಟಗಳು, ಥೀಮ್, ಮತ್ತೆ ಅಟ್ಟದ ಮೇಲಿನ ಹಳೆ ಕ್ಯೂಆರ್‌ನ 1,100 ಲೇಬಲ್ಲು. ಅವು ಮುಗಿಯುವವರೆಗೆ ಆ 301ಗಳನ್ನು ಮುಟ್ಟಬಾರದು ಅಂತ ಶೀಟಿನ ಮೊದಲ ಸಾಲಿನಲ್ಲಿ ಕೆಂಪಕ್ಷರದಲ್ಲಿ ಬರೆದಿದ್ದೇನೆ, ನನಗೇ.